ಕುರ್ಚಿ ಹತ್ತಿದವರು, ಇಳಿದವರು: ಆಫ್ರಿಕಾದ ನಾಯಕರ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಆಫ್ರಿಕಾದ ಇತಿಹಾಸದ ಬಗ್ಗೆ ಅಲ್ಲಲ್ಲಿ ಬರೆಯುತ್ತ, ಮಾತಾಡುತ್ತ ಬಂದಿದ್ದೇನೆ. ಭಾಷಣ ಮುಗಿಸಿ ಕಾಫಿಗೆ ನಿಂತಾಗಲೂ, ಓದುಗರ ಪತ್ರಗಳಲ್ಲೂ, ಪ್ರತಿಕ್ರಿಯೆಗಳಲ್ಲೂ ಮತ್ತೆ ಮತ್ತೆ ಎದುರಾಗುವ ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಲ್ಲಿಟ್ಟಿದ್ದೇನೆ. ಒಬ್ಬ ನಾಯಕ ಕುರ್ಚಿ ಹತ್ತಿದ ಕಥೆಗಿಂತ ಇಳಿದ ಕಥೆಯ ಮೇಲೆ ನನಗೆ ಕಣ್ಣು ಜಾಸ್ತಿ. ಉತ್ತರಗಳಲ್ಲಿ ಆ ಪಕ್ಷಪಾತ ಕಂಡರೆ ಅದು ಬೇಕೆಂದೇ ಇಟ್ಟದ್ದು.

## ಶುರುವಿಗೆ

ಮಂಡೇಲಾ ಬಿಟ್ರೆ ಇನ್ನೊಂದು ಹೆಸರು ಗೊತ್ತಿಲ್ಲ. ಎಲ್ಲಿಂದ ಶುರು ಮಾಡ್ಲಿ?

ವಿಶ್ವಸಂಸ್ಥೆಯ 54 ಸದಸ್ಯ ದೇಶಗಳಿರುವ ಖಂಡ ಅದು. ‘ಆಫ್ರಿಕಾದ ನಾಯಕರು’ ಅನ್ನುವುದು ‘ಏಷ್ಯಾದ ನಾಯಕರು’ ಅಂದಷ್ಟೇ ಸಡಿಲವಾದ ಮಾತು. ಆದ್ದರಿಂದ ಪಟ್ಟಿ ಹಿಡಿದು ಹೊರಡಬೇಡಿ. ಮೂವರನ್ನು ಹಿಡಿಯಿರಿ: ತಾಂಜಾನಿಯಾದ ಜೂಲಿಯಸ್ ನ್ಯೆರೆರೆ, ಕಾಂಗೋದ ಪ್ಯಾಟ್ರಿಸ್ ಲುಮುಂಬಾ, ಕೀನ್ಯಾದ ವಂಗಾರಿ ಮಾಥಾಯ್. ಮೊದಲನೆಯವರು ಎರಡು ದಶಕಕ್ಕೂ ಹೆಚ್ಚು ಆಳಿ ತಾವೇ ಇಳಿದರು. ಎರಡನೆಯವರಿಗೆ ಸಿಕ್ಕದ್ದು ಮೂರು ತಿಂಗಳೂ ಇಲ್ಲ. ಮೂರನೆಯವರು ಕುರ್ಚಿಯಲ್ಲಿ ಕೂತವರ ಎದುರು ನೆಲದ ಮೇಲೆ ಕೂತು ಗೆದ್ದವರು. ಮೂವರ ಬಗ್ಗೆಯೂ ಮುಂದೆ ಇದೆ.

ಈ ಹೆಸರುಗಳನ್ನ ಹೇಳೋದಾದ್ರೂ ಹೇಗೆ ಸ್ವಾಮಿ? ನಾಲಿಗೆ ಹೊರಳಲ್ಲ.

ಹೊರಳುತ್ತದೆ. ಒಂದನೇ ಕ್ಲಾಸಿನಲ್ಲಿ ‘ಙ’ ‘ಞ’ ತಿದ್ದಿದ್ದು ನೆನಪಿದೆಯಾ? ಇವುಗಳಿಂದ ಶುರುವಾಗುವ ಪದವೇ ಇಲ್ಲವಲ್ಲ ಅಂತ ಮೇಷ್ಟ್ರನ್ನು ಕೇಳಿ ಬೈಸಿಕೊಂಡವರಲ್ಲಿ ನಾನೂ ಒಬ್ಬ. ಆ ಪದಗಳು ಇರುವುದು ಸ್ವಾಹಿಲಿಯಲ್ಲಿ. ಅಲ್ಲಿ ಹಸುವಿಗೆ ‘ಙೋಂಬೆ’ ಅನ್ನುತ್ತಾರೆ. ನ್ಯೆರೆರೆ ಅನ್ನುವ ಹೆಸರಿನ ಮೊದಲ ಸದ್ದು ಹೆಚ್ಚೂ ಕಡಿಮೆ ನಮ್ಮ ‘ಞೆ’. ‘ನ್ಜಿಂಗಾ’, ‘ಎನ್‌ಕ್ರುಮಾ’ ಥರದ ಹೆಸರುಗಳಲ್ಲಿ ಮೊದಲ ‘ನ್’ ಅನ್ನು ಬಿಡಿಸಿ ಹೇಳದೆ ಮುಂದಿನ ಅಕ್ಷರಕ್ಕೆ ಅಂಟಿಸಿ ಒಂದೇ ಉಸಿರಿಗೆ ಹೇಳಿ. ಇಂಗ್ಲಿಷಿನವರಿಗಿಂತ ನಮಗೆ ಇದು ಸಲೀಸು.

ಮಾನ್ಸಾ ಮೂಸಾ ಪ್ರಪಂಚದಲ್ಲೇ ದೊಡ್ಡ ಸಾಹುಕಾರ ಅಂತ ವಾಟ್ಸಾಪ್‌ನಲ್ಲಿ ಬರ್ತಾ ಇರುತ್ತೆ. ನಿಜಾನಾ?

ಸಾಹುಕಾರ ಅನ್ನುವುದು ನಿಜ. ಜೊತೆಗೆ ಬರುವ ‘ಇಷ್ಟು ಸಾವಿರ ಕೋಟಿ ಡಾಲರ್’ ಲೆಕ್ಕ ಮಾತ್ರ ಬರೀ ಊಹೆ. 14ನೇ ಶತಮಾನದ ಮಾಲಿ ಸಾಮ್ರಾಜ್ಯದ ಬೊಕ್ಕಸ ಎಣಿಸಿದವರು ಯಾರೂ ಇಲ್ಲ. ಗೊತ್ತಿರುವುದು ಇಷ್ಟು: 1324ರಲ್ಲಿ ಮೆಕ್ಕಾ ಯಾತ್ರೆಗೆ ಹೊರಟ ಮೂಸಾ ಕೈರೋದಲ್ಲಿ ತಂಗಿ, ಕಂಡಕಂಡವರಿಗೆ ಚಿನ್ನ ಹಂಚಿದ. ಊರಲ್ಲಿ ಚಿನ್ನ ಜಾಸ್ತಿಯಾಗಿ ಅದರ ಬೆಲೆಯೇ ಬಿದ್ದುಹೋಯಿತು. ಸುಮಾರು 12 ವರ್ಷದ ಮೇಲೂ ಅದು ಚೇತರಿಸಿಕೊಂಡಿರಲಿಲ್ಲ ಎಂದು ಅಲ್-ಉಮರಿ ಎಂಬ ಅರಬ್ಬೀ ಲೇಖಕ ಬರೆದಿದ್ದಾನೆ. ವಾಟ್ಸಾಪ್ ಹೇಳದ ಇನ್ನೊಂದು ಸಂಗತಿ, ವಾಪಸು ಬರುವಾಗ ಇದೇ ಮೂಸಾ ಕೈರೋದ ವ್ಯಾಪಾರಿಗಳ ಹತ್ತಿರ ಸಾಲ ಎತ್ತಬೇಕಾಯಿತು!

ನನಗೆ ಚಿನ್ನಕ್ಕಿಂತ ರುಚಿಸುವುದು ಅವನು ಪಟ್ಟಕ್ಕೆ ಬಂದ ಕಥೆ. ತನಗಿಂತ ಮೊದಲಿದ್ದ ದೊರೆಗೆ ಅಟ್ಲಾಂಟಿಕ್ ಸಾಗರ ಎಲ್ಲಿ ಮುಗಿಯುತ್ತದೆ ಎಂದು ನೋಡುವ ಹುಚ್ಚು ಹಿಡಿಯಿತಂತೆ. ರಾಜ್ಯವನ್ನು ಮೂಸಾನ ಕೈಗಿಟ್ಟು ದೋಣಿಗಳೊಂದಿಗೆ ಹೊರಟವನು ತಿರುಗಿ ಬರಲೇ ಇಲ್ಲ. ಹೀಗೆಂದು ಮೂಸಾ ಕೈರೋದಲ್ಲಿ ಹೇಳಿಕೊಂಡಿದ್ದ. ಪಟ್ಟಕ್ಕೆ ಬಂದವನೇ ಹೇಳಿದ ಕಥೆ, ಚೂರು ಉಪ್ಪು ಬೆರೆಸಿಯೇ ಕೇಳಿ.

ಕೂರೋಕೆ ಕುರ್ಚಿ ಕೊಡಲಿಲ್ಲ ಅಂತ ಆಳಿನ ಬೆನ್ನ ಮೇಲೆ ಕೂತ ರಾಣಿ ಯಾರು?

ಇಂದಿನ ಅಂಗೋಲಾದಲ್ಲಿದ್ದ ನ್ಡೊಂಗೊ ರಾಜ್ಯದ ನ್ಜಿಂಗಾ. 1622ರಲ್ಲಿ ಅಣ್ಣನ ರಾಯಭಾರಿಯಾಗಿ ಲುವಾಂಡಾಕ್ಕೆ ಹೋದಾಗ ಪೋರ್ಚುಗೀಸ್ ಗವರ್ನರ್ ತಾನು ಕುರ್ಚಿಯಲ್ಲಿ ಕೂತು ಇವಳಿಗೆ ನೆಲದ ಮೇಲೆ ಹಾಸಿಸಿದ್ದ. ಅವಳು ತನ್ನ ಪರಿವಾರದವರೊಬ್ಬರನ್ನು ಬಗ್ಗಿಸಿ ಬೆನ್ನ ಮೇಲೆ ಕೂತು, ಸಮಸಮಕ್ಕೆ ಮಾತಾಡಿದಳು. ನಾವೆಲ್ಲ ಚಪ್ಪಾಳೆ ತಟ್ಟುತ್ತೇವೆ, ಸರಿಯೇ. ಬಗ್ಗಿದವರ ಬೆನ್ನಿನ ಕಡೆಗೂ ಒಂದು ಸಲ ನೋಡಿ. ದಶಕಗಟ್ಟಲೆ ಪೋರ್ಚುಗೀಸರ ಜೊತೆ ಸೆಣಸಿದ ಈ ರಾಣಿ ಯುದ್ಧಕೈದಿಗಳನ್ನು ಗುಲಾಮರಾಗಿ ಮಾರಿದವಳೂ ಹೌದು. 1656ರಲ್ಲಿ ಒಪ್ಪಂದ ಮಾಡಿಕೊಂಡಳು. 1663ರಲ್ಲಿ ಸುಮಾರು ಎಂಬತ್ತರ ವಯಸ್ಸಿನಲ್ಲಿ ತೀರಿಕೊಂಡಾಗ ಸಿಂಹಾಸನ ಇನ್ನೂ ಅವಳದೇ.

ಬಿಳಿಯರ ಸೈನ್ಯವನ್ನ ಸೋಲಿಸಿದ ಆಫ್ರಿಕನ್ ರಾಜ ಯಾರಾದ್ರೂ ಇದ್ದಾರಾ?

ಹಲವರಿದ್ದಾರೆ. ಆದರೆ ಗೆದ್ದು ದೇಶವನ್ನೂ ಉಳಿಸಿಕೊಂಡದ್ದಕ್ಕೆ ಇಥಿಯೋಪಿಯಾದ ಎರಡನೇ ಮೆನೆಲಿಕ್‌ನದೇ ದೊಡ್ಡ ಹೆಸರು. ಜಗಳ ಹುಟ್ಟಿದ್ದು ಒಂದು ಅನುವಾದದಿಂದ. 1889ರ ವುಚಾಲೆ ಒಪ್ಪಂದದ 17ನೇ ಕಲಮು ಇಥಿಯೋಪಿಯಾದ ಭಾಷೆಯಾದ ಅಮ್ಹಾರಿಕ್‌ನ ಪ್ರತಿಯಲ್ಲಿ, ಬೇರೆ ದೇಶಗಳೊಂದಿಗೆ ವ್ಯವಹರಿಸಲು ಇಥಿಯೋಪಿಯಾ ಇಟಲಿಯ ನೆರವು ‘ಪಡೆಯಬಹುದು’ ಅಂದಿತ್ತು. ಇಟಾಲಿಯನ್ ಪ್ರತಿಯಲ್ಲಿ ಅದು ‘ಪಡೆಯತಕ್ಕದ್ದು’ ಆಗಿತ್ತು. ಆ ಒಂದು ಕ್ರಿಯಾಪದ ಹಿಡಿದು ಇಟಲಿ, ಇಥಿಯೋಪಿಯಾ ನಮ್ಮ ರಕ್ಷಣೆಯಲ್ಲಿರುವ ರಾಜ್ಯ ಎಂದು ಯುರೋಪಿಗೆಲ್ಲ ಸಾರಿತು. ಮೆನೆಲಿಕ್ ಒಪ್ಪಂದವನ್ನೇ ಕಿತ್ತೊಗೆದ.

1896ರ ಮಾರ್ಚ್ 1ರಂದು ಅಡ್ವಾದ ಬೆಟ್ಟಗಳ ನಡುವೆ ಇಟಲಿಯ ಸೇನೆ ಅರ್ಧ ದಿನದಲ್ಲಿ ನುಚ್ಚುನೂರಾಯಿತು. ರಾಣಿ ತಾಯ್ತು ತನ್ನದೇ ಪಡೆಯೊಂದಿಗೆ ರಣರಂಗದಲ್ಲಿದ್ದಳು. ಅದಕ್ಕೂ ಮೊದಲು ಮೆಕೆಲೆಯ ಕೋಟೆಯಲ್ಲಿದ್ದ ಇಟಲಿಯವರ ನೀರಿನ ಸೆಲೆ ಹಿಡಿದು ಅವರನ್ನು ಮಣಿಸಿದ ಉಪಾಯವೂ ಅವಳದೇ ಎನ್ನುತ್ತಾರೆ. ಅದೇ ವರ್ಷ ಅಕ್ಟೋಬರಿನಲ್ಲಿ ಇಟಲಿ ಇಥಿಯೋಪಿಯಾದ ಸ್ವಾತಂತ್ರ್ಯಕ್ಕೆ ಸಹಿ ಹಾಕಿತು. ಮುಸೊಲಿನಿಯ ಕಾಲದಲ್ಲಿ ಮತ್ತೆ ಬಂದು, 1936ರಿಂದ ಐದು ವರ್ಷ ಕೂತಿತ್ತು, ಅದು ಬೇರೆ ಕಥೆ.

## ಸ್ವಾತಂತ್ರ್ಯದ ತಲೆಮಾರು

ಮಂಡೇಲಾ ನಮ್ಮ ಗಾಂಧೀಜಿ ಥರ ಅಹಿಂಸಾವಾದಿ, ಅಲ್ವಾ?

ಪೂರ್ತಿ ಅಲ್ಲ. 1960ರಲ್ಲಿ ಶಾರ್ಪ್‌ವಿಲ್‌ನಲ್ಲಿ ಪೊಲೀಸರು ಗುಂಡು ಹಾರಿಸಿ 69 ಜನರನ್ನು ಕೊಂದ ಮೇಲೆ, ಶಾಂತ ಪ್ರತಿಭಟನೆಯ ದಾರಿ ಮುಚ್ಚಿತೆಂದು ಮಂಡೇಲಾ ಮತ್ತು ಜೊತೆಗಾರರು 1961ರಲ್ಲಿ ಸಶಸ್ತ್ರ ದಳ ಕಟ್ಟಿದರು. ವಿದ್ಯುತ್ ಕಂಬ, ಸರ್ಕಾರಿ ಕಟ್ಟಡಗಳು ಮೊದಲ ಗುರಿ. ಮುಂದೆ ಕೋರ್ಟಿನಲ್ಲಿ ನಡೆದ ರಿವೋನಿಯಾ ವಿಚಾರಣೆಯಲ್ಲಿ ಅವರು ಇದನ್ನು ಅಲ್ಲಗಳೆಯಲಿಲ್ಲ, ಯಾಕೆ ಮಾಡಿದೆವು ಎಂದು ವಿವರಿಸಿದರು. 27 ವರ್ಷದ ಸೆರೆಯಲ್ಲಿ 18 ವರ್ಷ ರಾಬೆನ್ ದ್ವೀಪದಲ್ಲೇ ಕಳೆಯಿತು. ಹಿಂಸೆ ಬಿಡುವೆನೆಂದರೆ ಬಿಡುಗಡೆ ಎಂದು 1985ರಲ್ಲಿ ಸರ್ಕಾರ ಹೇಳಿದಾಗ ಬೇಡವೆಂದರು. ಆ ಉತ್ತರವನ್ನು ಸೊವೆಟೊದ ಕ್ರೀಡಾಂಗಣದಲ್ಲಿ ಓದಿದ್ದು ಮಗಳು ಜಿಂಡ್ಜಿ.

ಅವರನ್ನು ನಾನು ಮೆಚ್ಚುವುದು ಅದಕ್ಕಿಂತ 1999ಕ್ಕೆ. ಇನ್ನೊಂದು ಅವಧಿಗೆ ನಿಂತಿದ್ದರೆ ತಡೆಯುವವರು ಯಾರಿದ್ದರು? ಒಂದೇ ಅವಧಿ ಮುಗಿಸಿ ಮನೆಗೆ ಹೋದರು. 1990ರಲ್ಲಿ ನಮ್ಮ ದೇಶ ಅವರಿಗೆ ಭಾರತರತ್ನ ಕೊಟ್ಟಾಗ ಅವರಿನ್ನೂ ಅಧ್ಯಕ್ಷರಾಗಿರಲಿಲ್ಲ, ಸ್ವಂತ ದೇಶದಲ್ಲಿ ವೋಟು ಹಾಕುವ ಹಕ್ಕೂ ಇರಲಿಲ್ಲ.

ಲುಮುಂಬಾ ಅವರ ಒಂದು ಹಲ್ಲನ್ನ ಮಾತ್ರ ಸಮಾಧಿ ಮಾಡಿದ್ರಂತೆ. ಇದೆಂಥ ಕಥೆ?

ನಡೆದ ಕಥೆ. ಪ್ಯಾಟ್ರಿಸ್ ಲುಮುಂಬಾ ಅಂಚೆ ಇಲಾಖೆಯ ಗುಮಾಸ್ತರಾಗಿದ್ದವರು. ಹಣದ ಪ್ರಕರಣದಲ್ಲಿ ಜೈಲಿಗೂ ಹೋಗಿ ಬಂದರು. ಆಮೇಲೆ ಬಿಯರ್ ಕಂಪನಿಯ ಪ್ರಚಾರಕರಾಗಿ ಊರೂರು ಸುತ್ತುತ್ತ ಮಾತುಗಾರಿಕೆ ಹದ ಮಾಡಿಕೊಂಡರು. 1960ರ ಜೂನ್ 30, ಕಾಂಗೋ ಸ್ವತಂತ್ರವಾದ ದಿನ. ಬೆಲ್ಜಿಯಂ ದೊರೆ ಬೋಡ್ವಾನ್ ತನ್ನ ವಂಶದ ಹಿಂದಿನ ದೊರೆ ಎರಡನೇ ಲಿಯೋಪೋಲ್ಡನನ್ನು ಮಹಾಪುರುಷನೆಂದು ಹೊಗಳಿದ. ಕಾಂಗೋ ಜನರ ರಕ್ತ ಹಿಂಡಿ ರಬ್ಬರ್ ತೆಗೆಸಿದವನು ಆ ಲಿಯೋಪೋಲ್ಡ್. ಕಾರ್ಯಕ್ರಮ ಪಟ್ಟಿಯಲ್ಲಿ ಪ್ರಧಾನಿ ಲುಮುಂಬಾ ಅವರ ಭಾಷಣವೇ ಇರಲಿಲ್ಲ. ಎದ್ದು ನಿಂತವರು ದೊರೆಯ ಮುಖಕ್ಕೇ ಹೇಳಿದರು: ಬೆಳಿಗ್ಗೆ ಮಧ್ಯಾಹ್ನ ರಾತ್ರಿ ಏಟು ತಿಂದಿದ್ದೇವೆ, ಈ ಸ್ವಾತಂತ್ರ್ಯ ಯಾರೋ ಕೊಟ್ಟದ್ದಲ್ಲ.

ಆರೇ ದಿನಕ್ಕೆ ಸೈನ್ಯ ದಂಗೆಯೆದ್ದಿತು. ಹನ್ನೊಂದನೇ ದಿನ ತಾಮ್ರದ ಗಣಿಗಳ ಕಟಂಗಾ ಪ್ರಾಂತ್ಯ ಬೆಲ್ಜಿಯಂ ಬೆಂಬಲದೊಂದಿಗೆ ಬೇರೆಯಾಯಿತು. ವಿಶ್ವಸಂಸ್ಥೆ ನೆರವಾಗುತ್ತಿಲ್ಲವೆಂದು ಲುಮುಂಬಾ ರಷ್ಯಾದ ಕಡೆ ತಿರುಗಿದರು. ಶೀತಲ ಸಮರದ ಆ ದಿನಗಳಲ್ಲಿ ಅಷ್ಟೇ ಸಾಕಾಯಿತು. ಸೆಪ್ಟೆಂಬರಿನಲ್ಲಿ ಅಧ್ಯಕ್ಷ ಕಸಾವುಬು, ಪ್ರಧಾನಿ ಲುಮುಂಬಾ ಅವರನ್ನು ವಜಾ ಮಾಡಿದರು, ಲುಮುಂಬಾ ತಾವೇ ಸೇನೆಯಲ್ಲಿ ಮೇಲೆತ್ತಿದ್ದ ಮೊಬುಟು ಅಧಿಕಾರ ಹಿಡಿದರು. 1961ರ ಜನವರಿ 17ರ ರಾತ್ರಿ ಕಟಂಗಾದಲ್ಲಿ ಇಬ್ಬರು ಸಂಗಾತಿಗಳೊಂದಿಗೆ ಲುಮುಂಬಾ ಅವರನ್ನು ಗುಂಡಿಕ್ಕಿ ಕೊಂದರು. ಬೆಲ್ಜಿಯಂ ಅಧಿಕಾರಿಗಳು ಅಲ್ಲೇ ನಿಂತಿದ್ದರು. ಆಮೇಲೆ ಗೋರಿಯೂ ಸಿಗಬಾರದೆಂದು ದೇಹವನ್ನು ಕತ್ತರಿಸಿ ಆಸಿಡ್‌ನಲ್ಲಿ ಕರಗಿಸಿದರು. ಆ ಕೆಲಸ ಮಾಡಿದ ಬೆಲ್ಜಿಯಂ ಪೊಲೀಸ್ ಅಧಿಕಾರಿಯೊಬ್ಬ ಒಂದು ಹಲ್ಲನ್ನು ಇಟ್ಟುಕೊಂಡಿದ್ದ. 2022ರ ಜೂನ್‌ನಲ್ಲಿ ಬೆಲ್ಜಿಯಂ ಆ ಚಿನ್ನದ ಕವಚದ ಹಲ್ಲನ್ನು ಕುಟುಂಬಕ್ಕೆ ಮರಳಿಸಿತು. ಶವಪೆಟ್ಟಿಗೆಯಲ್ಲಿ ಅದೊಂದನ್ನೇ ಇಟ್ಟು ದೇಶವೆಲ್ಲ ಮೆರವಣಿಗೆ ಮಾಡಿದರು. 35ನೇ ವಯಸ್ಸಿಗೆ ಸತ್ತವರ ಅಂತ್ಯಕ್ರಿಯೆ 61 ವರ್ಷದ ಮೇಲೆ ನಡೆಯಿತು.

ಘಾನಾದ ಎನ್‌ಕ್ರುಮಾ ನೆಹರೂ ಥರ ಅಂತಾರೆ. ಹೌದಾ?

ಕನಸು ಕಾಣುವುದರಲ್ಲಿ ಹೌದು. ಗಾಂಧಿಯಿಂದ ಸ್ಫೂರ್ತಿ ಪಡೆದು ‘ಪಾಸಿಟಿವ್ ಆಕ್ಷನ್’ ಚಳವಳಿ ಮಾಡಿದರು, ಜೈಲಿನಲ್ಲಿದ್ದುಕೊಂಡೇ 1951ರ ಚುನಾವಣೆ ಗೆದ್ದರು, 1957ರ ಮಾರ್ಚ್ 6ರಂದು ಘಾನಾವನ್ನು ಸ್ವತಂತ್ರ ಮಾಡಿದರು. ಹೋಲಿಕೆ ಅಲ್ಲಿಗೆ ಮುಗಿಯಿತು. ಮರುವರ್ಷವೇ ವಿಚಾರಣೆಯಿಲ್ಲದೆ ಬಂಧನದಲ್ಲಿಡುವ ಕಾನೂನು ತಂದರು. ಅವರನ್ನು ರಾಜಕೀಯಕ್ಕೆ ಕರೆತಂದವರಲ್ಲಿ ಒಬ್ಬರಾದ ಜೆ. ಬಿ. ಡಾಂಕ್ವಾ 1965ರಲ್ಲಿ ಅದೇ ಕಾನೂನಿನ ಸೆರೆಯಲ್ಲಿ ತೀರಿಕೊಂಡರು. 1966ರಲ್ಲಿ ಎನ್‌ಕ್ರುಮಾ ವಿದೇಶ ಪ್ರವಾಸದಲ್ಲಿದ್ದಾಗ ಸೈನ್ಯ ಕುರ್ಚಿ ಎಳೆದುಕೊಂಡಿತು. ಮತ್ತೆ ಜೀವಂತವಾಗಿ ಘಾನಾಕ್ಕೆ ಬರಲಿಲ್ಲ.

ನ್ಯೆರೆರೆ ಅವರನ್ನ ‘ಮೇಷ್ಟ್ರು’ ಅಂತ ಯಾಕೆ ಕರೀತಿದ್ರು? ಅಷ್ಟು ಒಳ್ಳೆಯವರಾ?

ಮೇಷ್ಟ್ರೇ ಆಗಿದ್ದರು. ವಿಕ್ಟೋರಿಯಾ ಸರೋವರದ ಹತ್ತಿರದ ಬುಟಿಯಾಮಾ ಹಳ್ಳಿಯಲ್ಲಿ ಸಣ್ಣ ಬುಡಕಟ್ಟೊಂದರ ಮುಖಂಡನ ಮಗನಾಗಿ 1922ರಲ್ಲಿ ಹುಟ್ಟಿ, ಎಡಿನ್‌ಬರೋದಲ್ಲಿ ಓದಿ ಬಂದು ಶಾಲೆಯಲ್ಲಿ ಪಾಠ ಹೇಳುತ್ತಿದ್ದರು. ಸ್ವಾಹಿಲಿಯ ‘ಮ್ವಾಲಿಮು’ ಅಂದರೆ ನಮ್ಮ ಮೇಷ್ಟ್ರು ಅಂದ ಹಾಗೇ, ಅಷ್ಟೇ ಸಲಿಗೆ, ಅಷ್ಟೇ ಗೌರವ. 1961ರ ಡಿಸೆಂಬರಿನಲ್ಲಿ ಟಾಂಗಾನಿಕಾದ ಪ್ರಧಾನಿಯಾದವರು ಆರು ವಾರಕ್ಕೆ ರಾಜೀನಾಮೆ ಕೊಟ್ಟು, ಪಕ್ಷ ಕಟ್ಟುತ್ತೇನೆಂದು ಹಳ್ಳಿ ಸುತ್ತಲು ಹೊರಟರು. ವರ್ಷದ ಕೊನೆಗೆ ಅಧ್ಯಕ್ಷರಾಗಿ ಮರಳಿದರು. ಮುಂದೆ 1964ರಲ್ಲಿ ಜಾಂಜಿಬಾರ್ ಸೇರಿ ದೇಶ ತಾಂಜಾನಿಯಾ ಆಯಿತು.

ನೂರಕ್ಕೂ ಹೆಚ್ಚು ಬುಡಕಟ್ಟುಗಳ ದೇಶದಲ್ಲಿ ದೊಡ್ಡ ಬುಡಕಟ್ಟೊಂದರ ಭಾಷೆಯನ್ನು ಹೇರದೆ, ಕರಾವಳಿಯ ವ್ಯಾಪಾರದ ನುಡಿಯಾಗಿ ಒಳನಾಡಿಗೂ ಹಬ್ಬಿದ್ದ ಸ್ವಾಹಿಲಿಯನ್ನು ಎಲ್ಲರ ಭಾಷೆಯಾಗಿ ಬೆಳೆಸಿದರು. ಅಧ್ಯಕ್ಷಗಿರಿಯ ನಡುವೆಯೂ ಷೇಕ್ಸ್‌ಪಿಯರ್‌ನ ಎರಡು ನಾಟಕಗಳನ್ನು ಸ್ವಾಹಿಲಿಗೆ ತಂದರು. ಅದರಲ್ಲೊಂದು ಜೂಲಿಯಸ್ ಸೀಸರ್. ಅಧಿಕಾರ ತಲೆಗೇರಿದವನ ಕಥೆಯನ್ನು ಅಧಿಕಾರದಲ್ಲಿ ಕೂತವರೇ ಅನುವಾದಿಸಿದ್ದು ಕಾಕತಾಳೀಯವೇನಲ್ಲ ಅಂತ ನನಗನ್ನಿಸುತ್ತದೆ. ರಾಬೆನ್ ದ್ವೀಪದಲ್ಲಿ ಸಹಕೈದಿಯೊಬ್ಬರ ಷೇಕ್ಸ್‌ಪಿಯರ್ ಸಂಪುಟ ಕೈಯಿಂದ ಕೈಗೆ ಹೋದಾಗ ಮಂಡೇಲಾ ಸಹಿ ಮಾಡಿದ್ದೂ ಅದೇ ನಾಟಕದ ಸಾಲುಗಳ ಪಕ್ಕ. ಕಾವಲುಗಾರರ ಕಣ್ಣು ತಪ್ಪಿಸಲು ಆ ಸಂಪುಟಕ್ಕೆ ದೀಪಾವಳಿ ಶುಭಾಶಯ ಪತ್ರಗಳ ಹೊದಿಕೆ ಹಾಕಿದ್ದರು.

‘ಅಷ್ಟು ಒಳ್ಳೆಯವರಾ’ ಎಂಬುದಕ್ಕೆ ಉತ್ತರ ತೊಡಕಿನದು. 1967ರ ಅರುಷಾ ಘೋಷಣೆಯಿಂದ ‘ಉಜಮಾ’ ಶುರು. ಕುಟುಂಬದಂತೆ ಕೂಡಿ ದುಡಿಯುವ ಹಳ್ಳಿಗಳು, ಕೇಳಲು ಚೆಂದ. ಜನ ತಾವಾಗಿ ಬರದಿದ್ದಾಗ 1970ರ ದಶಕದ ನಡುವಿನಲ್ಲಿ ಬಲವಂತವಾಗಿ ಒಕ್ಕಲೆಬ್ಬಿಸಿ ಹೊಸ ಹಳ್ಳಿಗಳಿಗೆ ಸಾಗಿಸಿದರು. ಕೆಲವೆಡೆ ಹಳೆಯ ಮನೆಗಳಿಗೆ ಬೆಂಕಿಯಿಟ್ಟರು. ಬೇಸಾಯ ಕೆಟ್ಟಿತು, ಬರವೂ ಸೇರಿತು, ಧಾನ್ಯ ಹೊರಗಿನಿಂದ ತರಿಸಬೇಕಾಯಿತು. ಒಂದೇ ಪಕ್ಷ, ವಿಚಾರಣೆಯಿಲ್ಲದ ಬಂಧನ ಇಲ್ಲೂ ಇದ್ದವು. ಇನ್ನೊಂದು ಕಡೆ ಶಾಲೆ, ಸಾಕ್ಷರತೆ, ಆರೋಗ್ಯ ಕೇಂದ್ರಗಳು ಹಳ್ಳಿ ಮುಟ್ಟಿದವು, ಬುಡಕಟ್ಟು ಜಗಳ ನೆರೆಯ ದೇಶಗಳಂತೆ ಹೊತ್ತಿ ಉರಿಯಲಿಲ್ಲ. 1979ರಲ್ಲಿ ಉಗಾಂಡಾದ ಇದಿ ಅಮೀನ್‌ನನ್ನು ಓಡಿಸಿದ್ದು ಇವರ ಸೈನ್ಯ.

1985ರಲ್ಲಿ ತಾವಾಗಿ ಅಧ್ಯಕ್ಷ ಸ್ಥಾನ ಬಿಟ್ಟು ಬುಟಿಯಾಮಾಕ್ಕೆ ಹೋದರು. ಐದು ವರ್ಷ ಪಕ್ಷದ ಅಧ್ಯಕ್ಷಗಿರಿ ಕೈಯಲ್ಲಿಟ್ಟುಕೊಂಡಿದ್ದರು ಅನ್ನುವುದನ್ನೂ ಹೇಳಬೇಕು, ಒಂದು ಕಾಲು ಕುರ್ಚಿಯ ಮೇಲೇ ಇತ್ತು. ಭಾರತ ಸರ್ಕಾರದ ಗಾಂಧಿ ಶಾಂತಿ ಪ್ರಶಸ್ತಿ ಮೊಟ್ಟಮೊದಲು, 1995ರಲ್ಲಿ, ಸಂದದ್ದು ಇವರಿಗೆ.

ವಂಗಾರಿ ಮಾಥಾಯ್ ಅಂದ್ರೆ ಕೀನ್ಯಾದ ಸಾಲುಮರದ ತಿಮ್ಮಕ್ಕ ಅನ್ನಬಹುದಾ?

ಗಿಡ ನೆಟ್ಟದ್ದು ಸಮ, ದಾರಿ ಬೇರೆ. ತಿಮ್ಮಕ್ಕ ಹುಲಿಕಲ್ ರಸ್ತೆಯ ಆಲದ ಸಸಿಗಳಿಗೆ ಕೊಡದಲ್ಲಿ ನೀರು ಹೊತ್ತರು. ಡಾಕ್ಟರೇಟ್ ಪಡೆದ ಪ್ರಾಧ್ಯಾಪಕಿ ವಂಗಾರಿ 1977ರಲ್ಲಿ ‘ಗ್ರೀನ್ ಬೆಲ್ಟ್’ ಚಳವಳಿ ಕಟ್ಟಿ, ಸಸಿ ಬದುಕಿಸಿದ ಹಳ್ಳಿ ಹೆಂಗಸರಿಗೆ ಪುಡಿಗಾಸು ಕೊಡುವ ಏರ್ಪಾಡು ಮಾಡಿದರು. ಸಸಿ ನೆಡುತ್ತ ಆ ಹೆಂಗಸರು ಸರ್ಕಾರವನ್ನು ಪ್ರಶ್ನಿಸುವುದನ್ನೂ ಕಲಿತರು. 1983ರಲ್ಲಿ ಶಿರಸಿಯ ಸಲ್ಕಣಿಯಲ್ಲಿ ಶುರುವಾದ, ಮರ ಉಳಿಸುವ ಅಪ್ಪಿಕೋ ಚಳವಳಿ ಇದಕ್ಕೆ ಹೆಚ್ಚು ಹತ್ತಿರದ ಹೋಲಿಕೆ.

1989ರಲ್ಲಿ ಅಧ್ಯಕ್ಷ ಮೋಯ್ ಸರ್ಕಾರ ನೈರೋಬಿಯ ಉಹುರು ಪಾರ್ಕಿನಲ್ಲಿ 60 ಅಂತಸ್ತಿನ ಗೋಪುರ ಕಟ್ಟಲು ಹೊರಟಿತು. ವಂಗಾರಿ ಪತ್ರದ ಮೇಲೆ ಪತ್ರ ಬರೆದರು. ಸಂಸತ್ತಿನಲ್ಲಿ ಸದಸ್ಯರು ಅವರನ್ನು ಗಂಡ ಬಿಟ್ಟ ಹೆಂಗಸೆಂದು ಹಂಗಿಸಿದರು. ಹಣ ಹಾಕುವವರು ಹಿಂದೆ ಸರಿದು ಗೋಪುರ ನಿಂತುಹೋಯಿತು. 1992ರಲ್ಲಿ ಅದೇ ಪಾರ್ಕಿನಲ್ಲಿ ರಾಜಕೀಯ ಕೈದಿಗಳ ತಾಯಂದಿರೊಂದಿಗೆ ಉಪವಾಸ ಕೂತಾಗ ಪೊಲೀಸರು ಪ್ರಜ್ಞೆ ತಪ್ಪುವಂತೆ ಹೊಡೆದರು. 2004ರಲ್ಲಿ ನೊಬೆಲ್ ಶಾಂತಿ ಪ್ರಶಸ್ತಿ.

ಕನ್ನಡದವರಿಗೆ ಇಷ್ಟವಾಗುವ ಒಂದು ಪುಟ್ಟ ಸಂಗತಿ: ವಿಚ್ಛೇದನದ ನಂತರ ಗಂಡ ತನ್ನ ಹೆಸರು ಬಳಸಬಾರದು ಅಂದ. ಅವರು ಹೆಸರು ಬಿಡಲಿಲ್ಲ, ಒಂದು ‘ಎ’ ಸೇರಿಸಿದರು. ಮಥಾಯ್ ಹೋಗಿ ಮಾಥಾಯ್ ಆಯಿತು, ನಮ್ಮ ಲೆಕ್ಕದಲ್ಲಿ ಒಂದು ದೀರ್ಘ! 2011ರಲ್ಲಿ ತೀರಿಕೊಂಡಾಗ, ತನಗಾಗಿ ಮರ ಕಡಿಯಬಾರದೆಂಬ ಅವರ ಆಸೆಯಂತೆ, ಬಿದಿರು, ಜೊಂಡು, ಅಂತರಗಂಗೆಯಲ್ಲಿ ಹೆಣೆದ ಪೆಟ್ಟಿಗೆಯಲ್ಲಿ ಕಳಿಸಿಕೊಟ್ಟರು.

## ಇನ್ನಷ್ಟು ಆಳಕ್ಕೆ

ಹುಡುಗರು ಈಗ ಥಾಮಸ್ ಸಂಕಾರಾ ಅಂತ ಹುಚ್ಚರಾಗಿದ್ದಾರೆ. ಅಂಥಾದ್ದೇನು ಮಾಡಿದ?

ನಾಲ್ಕೇ ವರ್ಷದಲ್ಲಿ ಬಹಳ ಮಾಡಿದ. 33ನೇ ವಯಸ್ಸಿಗೆ, 1983ರಲ್ಲಿ, ದಂಗೆಯ ಮೂಲಕ ಅಧಿಕಾರಕ್ಕೆ ಬಂದ ಸೇನಾ ಕ್ಯಾಪ್ಟನ್. ‘ಅಪ್ಪರ್ ವೋಲ್ಟಾ’ ಎಂಬ ವಸಾಹತು ಹೆಸರು ಅಳಿಸಿ, ಊರಿನ ಎರಡು ಭಾಷೆಗಳ ಪದ ಜೋಡಿಸಿ ‘ಬುರ್ಕಿನಾ ಫಾಸೊ’ ಎಂದಿಟ್ಟ. ಮಂತ್ರಿಗಳ ಮರ್ಸಿಡಿಸ್ ಮಾರಿ ಪುಟ್ಟ ರೆನೋ 5 ಹತ್ತಿಸಿದ. ಕೆಲವೇ ವಾರಗಳಲ್ಲಿ 20 ಲಕ್ಷಕ್ಕೂ ಹೆಚ್ಚು ಮಕ್ಕಳಿಗೆ ಲಸಿಕೆ ಹಾಕಿಸಿದ. ಊರಿನ ಹತ್ತಿಯಲ್ಲಿ ನೇಯ್ದ ಬಟ್ಟೆ ಉಡಿ ಅಂದ. ಖಾದಿ ನೆನಪಾಗುತ್ತದೆ, ಆದರೆ ಇಲ್ಲಿ ಅದು ಸರ್ಕಾರಿ ನೌಕರರಿಗೆ ಕಟ್ಟಪ್ಪಣೆ.

ವಿಡಿಯೋಗಳಲ್ಲಿ ಬಾರದ ಭಾಗ: ಮುಷ್ಕರ ಹೂಡಿದ ಸಾವಿರಕ್ಕೂ ಹೆಚ್ಚು ಶಿಕ್ಷಕರನ್ನು ಒಂದೇ ಏಟಿಗೆ ಮನೆಗೆ ಕಳಿಸಿದ. ಚುನಾವಣೆ ನಡೆಸಲಿಲ್ಲ. ಜನತಾ ನ್ಯಾಯಾಲಯಗಳಲ್ಲಿ ಆರೋಪಿಗೆ ವಕೀಲರಿರಲಿಲ್ಲ. 1987ರ ಅಕ್ಟೋಬರ್ 15ರಂದು ಸಭೆಯಲ್ಲಿದ್ದವನನ್ನು ಸೈನಿಕರು ಕೊಂದರು. ಕುರ್ಚಿಗೆ ಬಂದವನು ಆಪ್ತಮಿತ್ರ ಬ್ಲೇಸ್ ಕಾಂಪಾವೊರೆ. 27 ವರ್ಷ ಆಳಿ, ಜನ ಎದ್ದಾಗ ದೇಶ ಬಿಟ್ಟು ಓಡಿದ ಅವನಿಗೆ 2022ರಲ್ಲಿ, ಅವನ ಗೈರುಹಾಜರಿಯಲ್ಲೇ, ಜೀವಾವಧಿ ಶಿಕ್ಷೆಯಾಯಿತು.

ಜೈಲಿಗೆ ಹೋಗಿ ಹೋರಾಡಿದವರೇ ಆಮೇಲೆ ಸರ್ವಾಧಿಕಾರಿ ಆಗಿದ್ದು ಯಾಕೆ?

‘ಅಲ್ಲಿನ ಜನ ಹಾಗೇ’ ಎಂಬ ಉತ್ತರ ನನಗೆ ಬೇಡ. ವಸಾಹತು ಸರ್ಕಾರ ಬಿಟ್ಟುಹೋದ ಮನೆ ನೋಡಿ. ವಿಚಾರಣೆಯಿಲ್ಲದೆ ಹಿಡಿದಿಡುವ ಪದ್ಧತಿ, ಪ್ರಶ್ನೆ ಕೇಳದ ಪೊಲೀಸು, ಕೋಕೋ ಅಥವಾ ತಾಮ್ರ ಎಂಬ ಒಂದೇ ಸರಕಿನ ಮೇಲೆ ನಿಂತ ಬೊಕ್ಕಸ. ಹೊಸಬರು ಬೀಗದ ಕೈ ತಗೊಂಡರು, ಮನೆ ರಿಪೇರಿ ಮಾಡಲಿಲ್ಲ. ಹತ್ತು ವರ್ಷ ಜೈಲಿನಲ್ಲಿದ್ದು ಅಲ್ಲೇ ಪದವಿಗಳನ್ನು ಓದಿದ ಮುಗಾಬೆ 1980ರಲ್ಲಿ ಜಿಂಬಾಬ್ವೆಯ ಪ್ರಧಾನಿಯಾದಾಗ ಬಿಳಿಯರಿಗೂ ಸ್ನೇಹದ ಕೈ ಚಾಚಿದರು. ಮೂರು ವರ್ಷ ಕಳೆಯುವುದರೊಳಗೆ ಅವರ ಸೈನ್ಯ ದೇಶದ ಮಟಬೆಲೆಲ್ಯಾಂಡ್ ಪ್ರಾಂತ್ಯದಲ್ಲಿ ಸಾವಿರಾರು ಜನರನ್ನು ಕೊಲ್ಲತೊಡಗಿತ್ತು. ಕುರ್ಚಿ ಬಿಟ್ಟದ್ದು 2017ರಲ್ಲಿ, 93ನೇ ವಯಸ್ಸಿಗೆ, ಸೈನ್ಯ ಬಂದು ಎಬ್ಬಿಸಿದಾಗ.

ಬೇರೆ ಥರ ನಡೆದವರೂ ಇದ್ದಾರೆ. ಸೆನೆಗಲ್‌ನ ಕವಿ ಅಧ್ಯಕ್ಷ ಸೆಂಗೋರ್ 1980ರ ಕೊನೆಯ ದಿನ ಯಾರೂ ತಳ್ಳದೆ ಇಳಿದರು. ಬೋಟ್ಸ್ವಾನಾದ ಸೆರೆಟ್ಸೆ ಖಾಮಾ ಇಂಗ್ಲೆಂಡಿನ ಬಿಳಿಯ ಹುಡುಗಿಯನ್ನು ಮದುವೆಯಾದ ತಪ್ಪಿಗೆ ಸ್ವಂತ ನಾಡಿಗೆ ಹೋಗದಂತೆ ಬ್ರಿಟಿಷರಿಂದ ವರ್ಷಗಟ್ಟಲೆ ಗಡೀಪಾರಾಗಿದ್ದವರು. 1966ರಲ್ಲಿ ಅಧ್ಯಕ್ಷರಾದರು. ಮರುವರ್ಷ ವಜ್ರ ಸಿಕ್ಕಿತು, ಅದರ ಹಣ ಶಾಲೆ ರಸ್ತೆಗಳಿಗೆ ಹೋಯಿತು, ಅವಧಿಗೆ ಸರಿಯಾಗಿ ಚುನಾವಣೆಯೂ ನಡೆಯಿತು. ಅವರ ಬಗ್ಗೆ ವಿಡಿಯೋ ಕಡಿಮೆ. ಗಲಾಟೆ ಇಲ್ಲದ ಆಡಳಿತಕ್ಕೆ ಪ್ರೇಕ್ಷಕರೂ ಕಡಿಮೆ.

ನಮ್ಮ ಕಡೆಗೂ ಅವರಿಗೂ ಏನರ ಸಂಬಂಧ ಐತೇನ್ರಿ?

ಐತ್ರಿ, ಅದೂ ನಿಮ್ಮ ಧಾರವಾಡಕ್ಕೇ. ಮೊದಲು ಹಳೆಯದು. ಇಥಿಯೋಪಿಯಾದಲ್ಲಿ ಹುಟ್ಟಿ, ಗುಲಾಮನಾಗಿ ಕೈಯಿಂದ ಕೈಗೆ ಮಾರಾಟವಾಗಿ ದಖನ್ನಿಗೆ ಬಂದ ಮಲಿಕ್ ಅಂಬರ್ ಸ್ವಲ್ಪ ಕಾಲ ಬಿಜಾಪುರದ ಸೇವೆಯಲ್ಲಿದ್ದ. 1600ರಿಂದ ಅಹ್ಮದ್‌ನಗರದ ಆಡಳಿತ ಅವನ ಕೈಯಲ್ಲಿ. 1624ರ ಭಾತವಡಿ ಕಾಳಗದಲ್ಲಿ ಮೊಘಲ್ ಮತ್ತು ಬಿಜಾಪುರದ ಕೂಡುಸೇನೆಯನ್ನೇ ಸೋಲಿಸಿದ. ಆ ಕಾಳಗದಲ್ಲಿ ಅವನ ಪರ ಕಾದಾಡಿದ ಶಿವಾಜಿಯ ತಂದೆ ಶಹಾಜಿಗೆ ಮುಂದೆ ಬೆಂಗಳೂರು ಜಹಗೀರಾಗಿ ಬಂತು. ಯಲ್ಲಾಪುರ, ಹಳಿಯಾಳ, ಮುಂಡಗೋಡದ ಸಿದ್ದಿ ಸಮುದಾಯದ ಹಿರಿಯರೂ ಆಫ್ರಿಕಾದಿಂದ ಬಂದವರೇ. 2020ರಲ್ಲಿ ಶಾಂತಾರಾಮ ಸಿದ್ದಿ ವಿಧಾನ ಪರಿಷತ್ತಿಗೆ ನಾಮಕರಣಗೊಂಡಾಗ ಆ ಸಮುದಾಯದಿಂದ ಅಲ್ಲಿ ಕೂತ ಮೊದಲಿಗರಾದರು. ಲುಮುಂಬಾ ಹತ್ಯೆಯ ವರ್ಷವೇ ಕಟಂಗಾದಲ್ಲಿ ವಿಶ್ವಸಂಸ್ಥೆಯ ಪರ ಹೋರಾಡಿ ಮಡಿದು ಪರಮವೀರ ಚಕ್ರ ಪಡೆದ ಕ್ಯಾಪ್ಟನ್ ಗುರ್ಬಚನ್ ಸಿಂಗ್ ಸಲಾರಿಯಾ ಹುಡುಗನಾಗಿ ಬೆಂಗಳೂರಿನ ಸೈನಿಕ ಶಾಲೆಯಲ್ಲಿ ಓದಿದ್ದರು.

ಇನ್ನು ಧಾರವಾಡ. ನೈರೋಬಿಯಲ್ಲಿ ಗೋವಾ ಮೂಲದ ಕುಟುಂಬದಲ್ಲಿ ಹುಟ್ಟಿದ ಪಿಯೊ ಗಾಮಾ ಪಿಂಟೊ ಓದಲು ಭಾರತಕ್ಕೆ ಬಂದು ಕರ್ನಾಟಕ ಕಾಲೇಜಿನಲ್ಲಿ ಎರಡು ವರ್ಷ ವಿಜ್ಞಾನ ಕಲಿತರು. ಕೀನ್ಯಾಕ್ಕೆ ಮರಳಿ ಬ್ರಿಟಿಷರ ವಿರುದ್ಧ ದಂಗೆಯೆದ್ದ ಮಾವು ಮಾವು ಹೋರಾಟಗಾರರಿಗೆ ನೆರವಾದರು. ಬ್ರಿಟಿಷರು 1954ರಲ್ಲಿ ಹಿಡಿದು ಐದು ವರ್ಷ ಬಂಧನದಲ್ಲಿಟ್ಟರು. ಸ್ವಾತಂತ್ರ್ಯ ಬಂದ ಮೇಲೆ ಸಂಸತ್ ಸದಸ್ಯರಾದರು. ಭೂಮಿ ಬಡವರಿಗೆ ಹಂಚಿ ಎಂದು ಸ್ವಂತ ಪಕ್ಷದ ದೊಡ್ಡವರನ್ನೇ ಕಾಡಿದರು. 1965ರ ಫೆಬ್ರವರಿ 24ರ ಬೆಳಿಗ್ಗೆ ಮನೆಯ ಗೇಟಿನ ಹತ್ತಿರ, ಪುಟ್ಟ ಮಗಳು ಕಾರಿನಲ್ಲಿದ್ದಂತೆಯೇ, ಗುಂಡಿಟ್ಟು ಕೊಂದರು. ವಯಸ್ಸು 37. ಸ್ವತಂತ್ರ ಕೀನ್ಯಾದ ಮೊದಲ ರಾಜಕೀಯ ಕೊಲೆ ಅದೇ ಎಂದು ಅಲ್ಲಿನವರು ಎಣಿಸುತ್ತಾರೆ. ಒಬ್ಬ ಯುವಕನನ್ನು ಹಿಡಿದು ಶಿಕ್ಷೆ ಕೊಟ್ಟರು. ನಾನಲ್ಲ ಅಂತಲೇ ಹೇಳುತ್ತಿದ್ದ ಅವನು ಮುದುಕನಾಗಿ 2001ರಲ್ಲಿ ಹೊರಬಂದ. ಕಳಿಸಿದವರು ಯಾರು ಎಂದು ನೈರೋಬಿಯಲ್ಲಿ ಈಗಲೂ ಕೇಳುತ್ತಾರೆ.